ಒಂದು ಮಾರುಕಟ್ಟೆ, ಒಂದು ವರ್ಷ: ಸ್ನಾತಕೋತ್ತರ ಮಟ್ಟದ ಡಿಜಿಟಲ್ ಛಾಯಾಗ್ರಹಣಕ್ಕೆ ಸಿದ್ಧರಾಗುವ ಬಗೆ

ಪದವಿಯ ದಿನಗಳಲ್ಲಿ ಹವ್ಯಾಸವಾಗಿ ಕ್ಯಾಮೆರಾ ಹಿಡಿದವರು ಛಾಯಾಗ್ರಹಣದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ನಿಶ್ಚಯಿಸಿದಾಗ ಸಾಮಾನ್ಯವಾಗಿ ಹೊಸ ಲೆನ್ಸ್ ಕೊಳ್ಳುವ ಯೋಚನೆಯಿಂದ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ಒಂದು ಸ್ಥಳವನ್ನು ಆಯ್ದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಟ್ಟದಲ್ಲಿ ಅಧ್ಯಾಪಕರು ನಿಮ್ಮ ಪ್ರತಿಯೊಂದು ನಿರ್ಧಾರಕ್ಕೂ ಕಾರಣವನ್ನು ಕೇಳುತ್ತಾರೆ. ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗಿ, ಒಂದೇ ತೊಂದರೆಯನ್ನು ಹಲವು ಬಾರಿ ಎದುರಿಸಿದವರಿಗೆ ಮಾತ್ರ ಆ ಕಾರಣಗಳು ನಾಲಿಗೆಯ ಮೇಲೆ ಸಿದ್ಧವಾಗಿರುತ್ತವೆ. ಸ್ಥಳವು ನಿಮ್ಮ ಊರಿನ ವಾರದ ಸಂತೆಯಾಗಬಹುದು, ನೇಕಾರರ ಬೀದಿಯಾಗಬಹುದು. ನಾನು ಇಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಡಿಜಿಟಲ್ ಕ್ಯಾಮೆರಾ ಎಡವುವ ಸಂದರ್ಭಗಳೆಲ್ಲ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ.

ಮೊದಲ ಪಾಠ ಕುಂಕುಮದ ಅಂಗಡಿಯಲ್ಲಿದೆ. ಗೋಪುರದಂತೆ ಒಟ್ಟಿದ ಕೆಂಪು ಕುಂಕುಮದ ಚಿತ್ರ ತೆಗೆದು, ಕ್ಯಾಮೆರಾ ತೋರಿಸುವ ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಯಾವ ಹಂತದ ಬೆಳಕು ಚಿತ್ರದಲ್ಲಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಪುಡಿಯ ಕಣಗಳೆಲ್ಲ ಅಳಿಸಿಹೋಗಿ, ಕೆಂಪು ಬಣ್ಣ ಬಳಿದ ಹಲಗೆಯಂತಹ ಸಮತಟ್ಟಾದ ಭಾಗವೊಂದು ಉಳಿದಿರುತ್ತದೆ. ಕೆಂಪು ಬಣ್ಣವನ್ನು ದಾಖಲಿಸುವ ಚಾನೆಲ್ ಒಂದೇ ತುಂಬಿ ತುಳುಕಿರುವುದು ಇದಕ್ಕೆ ಕಾರಣ. ಆದ್ದರಿಂದ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಆಯ್ದುಕೊಳ್ಳಿ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ನೀವು ರಾ ಕಡತದಲ್ಲಿ (ಕ್ಯಾಮೆರಾ ಸೆರೆಹಿಡಿದ ಬೆಳಕನ್ನು ಸಂಸ್ಕರಿಸದೆ ಉಳಿಸುವ ಕಡತ) ಚಿತ್ರ ತೆಗೆಯುತ್ತಿದ್ದರೂ ಬಹುತೇಕ ಕ್ಯಾಮೆರಾಗಳು ಹಿಸ್ಟೋಗ್ರಾಂ ಬಿಡಿಸುವುದು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ಅನ್ವಯಿಸಿ ಸಂಸ್ಕರಿಸಿದ ಜೆಪೆಗ್ ಮಾದರಿಯಿಂದ. 8 ಬಿಟ್‌ನ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಹಿಸ್ಟೋಗ್ರಾಂ ತೋರಿಸುವುದು ಜೆಪೆಗ್ ಮಾದರಿಯನ್ನಾದ್ದರಿಂದ ಪರದೆಯಲ್ಲಿ ಹಾಳಾದಂತೆ ಕಂಡ ಕೆಂಪು ರಾ ಕಡತದಲ್ಲಿ ಇನ್ನೂ ಉಳಿದಿರುವ ಸಾಧ್ಯತೆಯಿದೆ. ನಿಮ್ಮ ಕ್ಯಾಮೆರಾದಲ್ಲಿ ಆ ಅವಕಾಶ ಎಷ್ಟಿದೆ ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ಒಂದೇ ಕುಂಕುಮದ ರಾಶಿಯನ್ನು ಮೂರನೇ ಒಂದು ಸ್ಟಾಪ್‌ನಂತೆ ಎಕ್ಸ್‌ಪೋಷರ್ ಹೆಚ್ಚಿಸುತ್ತಾ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು) ಹತ್ತು ಬಾರಿ ತೆಗೆದು, ಯಾವ ಚಿತ್ರದಿಂದ ಮುಂದೆ ಕಣಗಳು ಮರಳಿ ಬರುವುದಿಲ್ಲ ಎಂಬುದನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಈ ಒಂದು ಪುಟ ನಿಮಗೆ ಹಲವು ವರ್ಷಗಳ ಕಾಲ ಉಪಯೋಗಕ್ಕೆ ಬರುತ್ತದೆ.

ಎರಡನೆಯ ತೊಂದರೆ ಅಂಗಡಿಯ ದೀಪಗಳದು. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿದ್ದು, ಅದರ ಪ್ರತಿ ಆವರ್ತದಲ್ಲಿ ಬೆಳಕು ಎರಡು ಬಾರಿ ಏರಿಳಿಯುವುದರಿಂದ ಟ್ಯೂಬ್‌ಲೈಟ್‌ಗಳೂ ಅಗ್ಗದ ಎಲ್‌ಇಡಿ ಬಲ್ಬುಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಇದು ಕಾಣುವುದಿಲ್ಲ; ಆದರೆ ಶಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಚಿತ್ರಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿಗಳು ಮೂಡಬಹುದು, ಇಲ್ಲವೇ ಸಾಲಾಗಿ ತೆಗೆದ ಚಿತ್ರಗಳ ಬೆಳಕು ಒಂದರಿಂದ ಒಂದಕ್ಕೆ ಬದಲಾಗಬಹುದು. ವೇಗವನ್ನು 1/100 ಅಥವಾ 1/50ರಲ್ಲಿ ನಿಲ್ಲಿಸಿದರೆ ಪ್ರತಿ ಚಿತ್ರಕ್ಕೂ ಮಿನುಗಿನ ಪೂರ್ಣ ಆವರ್ತ ದೊರೆತು ಪಟ್ಟಿಗಳು ಮಾಯವಾಗುತ್ತವೆ. ಆದರೆ ಮಲ್ಲಿಗೆ ಕಟ್ಟುವ ಕೈಬೆರಳುಗಳು ಆ ವೇಗದಲ್ಲಿ ಮಸುಕಾಗುತ್ತವೆ. ಇಲ್ಲಿಯೇ ನಿಜವಾದ ಕಲಿಕೆ ಆರಂಭವಾಗುತ್ತದೆ: ಬೆರಳಿನ ಚಲನೆಯೇ ಚಿತ್ರದ ವಿಷಯವೆಂದು ಒಪ್ಪಿ ಆ ಮಸುಕನ್ನು ಉಳಿಸಿಕೊಳ್ಳುವಿರೋ, ಅಥವಾ ಬೆಳಿಗ್ಗೆ ಆಕಾಶದ ಬೆಳಕು ಅಂಗಡಿಯ ಒಳಗೆ ಬೀಳುವ ಹೊತ್ತಿಗಾಗಿ ಕಾಯುವಿರೋ ಎಂಬುದನ್ನು ನೀವೇ ತೀರ್ಮಾನಿಸಬೇಕು. ಎರಡೂ ಸರಿಯಾದ ಉತ್ತರಗಳೇ, ಕಾರಣ ನಿಮಗೆ ತಿಳಿದಿದ್ದರೆ. ದೀಪದ ಹಳದಿ ಮತ್ತು ಆಕಾಶದ ನೀಲಿ ಬೆರೆತ ಜಾಗಗಳಲ್ಲಿ ಬಣ್ಣವನ್ನು ಆಮೇಲೆ ಸರಿಪಡಿಸಲು ನೆರವಾಗುವ ಬೂದು ಕಾರ್ಡನ್ನು ಎರಡೂ ಬೆಳಕಿನಲ್ಲಿ ಹಿಡಿದು ಒಂದೊಂದು ಚಿತ್ರ ತೆಗೆದಿಟ್ಟುಕೊಳ್ಳಿ.

ತಾಂತ್ರಿಕ ಅಭ್ಯಾಸಕ್ಕೆ ಮೂರು ತಿಂಗಳು ಸಾಕು. ಉಳಿದ ಅವಧಿಯನ್ನು ಜನರೊಂದಿಗೆ ಕಳೆಯಬೇಕು, ಮತ್ತು ಅದು ಹೆಚ್ಚು ಕಷ್ಟದ ಕೆಲಸ. ಮೊದಲ ಕೆಲವು ಭೇಟಿಗಳಲ್ಲಿ ಕ್ಯಾಮೆರಾವನ್ನು ಚೀಲದಲ್ಲಿಯೇ ಇಟ್ಟು, ಹೂವು ಯಾವ ಊರಿನಿಂದ ಬರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಮಾರಾಟವಾಗದೆ ಉಳಿದದ್ದು ಏನಾಗುತ್ತದೆ ಎಂದು ಕೇಳಿ ತಿಳಿಯಿರಿ. ‘ಅಣ್ಣಾ, ಒಂದು ಫೋಟೊ ತೆಗೆಯಲೇ?’ ಎಂದು ಕೇಳುವುದು ಕೇವಲ ಸೌಜನ್ಯದ ಮಾತಲ್ಲ. ಚಿತ್ರ ಎಲ್ಲಿ ಪ್ರಕಟವಾಗಲಿದೆ ಎಂಬುದನ್ನೂ ತಿಳಿಸಿ ಪಡೆದ ಒಪ್ಪಿಗೆಗೆ ಮಾತ್ರ ಬೆಲೆಯಿದೆ. ಮುಂದಿನ ಭೇಟಿಯಲ್ಲಿ ಅವರ ಕೈಗೆ ಒಂದು ಪ್ರಿಂಟ್ ಕೊಡಿ. ಕಟ್ಟಡದ ಕಥೆಯನ್ನೂ ಓದಿಕೊಳ್ಳಬೇಕು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿತ್ತು, ಅದನ್ನು ದುರಸ್ತಿ ಮಾಡಬೇಕೋ ಕೆಡವಿ ಹೊಸದಾಗಿ ಕಟ್ಟಬೇಕೋ ಎಂಬ ವಾದ ಆ ಮೇಲೆ ದೀರ್ಘಕಾಲ ನಡೆಯಿತು. ಇದನ್ನು ತಿಳಿದವರ ಕಣ್ಣಿಗೆ ಕುಂಕುಮದ ಗೋಪುರದ ಜೊತೆಗೆ ಅದರ ಹಿಂದಿನ ಗೋಡೆಯ ಬಿರುಕೂ ಕಾಣುತ್ತದೆ.

ಮೈಸೂರಿನವರೇ ಆದ ಛಾಯಾಚಿತ್ರ ಪತ್ರಕರ್ತ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ಈ ಹಂತದಲ್ಲಿ ನಿಧಾನವಾಗಿ ನೋಡಿ. ಸಾಮಾನ್ಯ ಜನರ ಎದುರು ಅವರು ಎಷ್ಟು ದೂರದಲ್ಲಿ ನಿಂತಿದ್ದಾರೆ, ಚೌಕಟ್ಟಿನ ಅಂಚಿನಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಗಮನಿಸಿ, ಪ್ರತಿ ಚಿತ್ರಕ್ಕೆ ಅರ್ಧ ಪುಟದ ಟಿಪ್ಪಣಿ ಬರೆಯಿರಿ. ಸಾಧ್ಯವಾದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯಕ್ಕೆ ಹೋಗಿ ಕಾಗದದ ಮೇಲಿನ ಚಿತ್ರವನ್ನು ಕಣ್ಣಾರೆ ನೋಡಿ. ಮೊಬೈಲ್ ಪರದೆ ಅದರ ಗಾತ್ರವನ್ನೂ ಬೂದು ಛಾಯೆಗಳನ್ನೂ ತಿಳಿಸಲಾರದು.

ವರ್ಷದ ಕೊನೆಗೆ ನಿಮ್ಮ ಬಳಿ ಸಾವಿರಾರು ಕಡತಗಳಿರುತ್ತವೆ. ಅವುಗಳ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿ ಇರಿಸಿ. ಅನಂತರ ಸುಮಾರು ನೂರು ಚಿತ್ರಗಳನ್ನು ಅಂಚೆ ಕಾರ್ಡಿನ ಗಾತ್ರಕ್ಕೆ ಮುದ್ರಿಸಿ ನೆಲದ ಮೇಲೆ ಹರಡಿ. ಯಾವ ಚಿತ್ರದ ಪಕ್ಕ ಯಾವುದು ಇದ್ದರೆ ಎರಡಕ್ಕೂ ಅರ್ಥ ಹೆಚ್ಚುತ್ತದೆ ಎಂಬುದು ಪರದೆಯ ಮೇಲೆ ಹೊಳೆಯುವುದಿಲ್ಲ, ನೆಲದ ಮೇಲೆ ಕೈಯಾಡಿಸುವಾಗ ಹೊಳೆಯುತ್ತದೆ. ಆ ನೂರನ್ನು ಸಂದರ್ಶನಕ್ಕೆ ಒಯ್ಯುವ ಇಪ್ಪತ್ತಕ್ಕೆ ಇಳಿಸುವಾಗ ನಿಮಗೆ ಅತಿ ಪ್ರಿಯವಾದ ಕೆಲವು ಚಿತ್ರಗಳನ್ನು ಕೈಬಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೆಚ್ಚುಗೆಯ ಮಾತನಾಡದ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಭಾರತದಲ್ಲಿ ಈ ವಿಷಯಕ್ಕೆ ಹೆಸರಾದ ವ್ಯಾಸಂಗಗಳಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಗಾಂಧಿನಗರ ಆವರಣದ ಛಾಯಾಗ್ರಹಣ ವಿನ್ಯಾಸ ವಿಭಾಗವೂ ಒಂದು. ಪ್ರಾಥಮಿಕ ಪರೀಕ್ಷೆಯ ನಂತರ ಮುಖ್ಯ ಹಂತದಲ್ಲಿ ಸ್ಟುಡಿಯೋ ಪರೀಕ್ಷೆ ಮತ್ತು ಸಂದರ್ಶನವಿರುತ್ತದೆ. ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಸಂದರ್ಶನಕ್ಕೆ ಇಪ್ಪತ್ತು ಚಿತ್ರಗಳ ಜೊತೆಗೆ ಕುಂಕುಮದ ಆ ಹತ್ತು ಪರೀಕ್ಷಾ ಚಿತ್ರಗಳನ್ನೂ ನೋಟ್‌ಬುಕ್ಕನ್ನೂ ಕೊಂಡೊಯ್ಯಿರಿ, ಮತ್ತು ಕೈಬಿಟ್ಟ ಚಿತ್ರಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು ಅದನ್ನು ಏಕೆ ಕೈಬಿಟ್ಟಿರಿ ಎಂದು ಎರಡು ನಿಮಿಷಗಳಲ್ಲಿ ವಿವರಿಸುವುದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡಿರಿ.