ತೋಟದ ಆಫೀಸಿಗೂ ನನ್ನ ಲ್ಯಾಪ್‌ಟಾಪಿಗೂ ಒಂದೇ ಎಡಿಟರ್: ನನ್ನ ಅನುಭವ

ಚಿಕ್ಕಮಗಳೂರಿನಿಂದ ಆಲ್ದೂರು ದಾಟಿ ಒಳಗೆ ಹೋದರೆ ಒಂದು ಕಾಫಿ ತೋಟ. ಅದರ ಆಫೀಸಿನಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ವಿಂಡೋಸ್ 7, 2 ಜಿಬಿ ರ‍್ಯಾಮ್. ತೋಟದ ರೈಟರು (ಲೆಕ್ಕ ಬರೆಯುವವರು) ಅದರಲ್ಲೇ ಚೆಕ್‌ರೋಲ್ ಬರೆಯುತ್ತಾರೆ. ಚೆಕ್‌ರೋಲ್ ಅಂದರೆ ಬರೀ ಹಾಜರಿ ಪುಸ್ತಕ ಅಲ್ಲ. ಯಾರು ಬಂದರು, ಮರಗಸಿಗೆ (ನೆರಳು ಮರದ ಕೊಂಬೆ ಸವರಲು) ಹೋದರಾ ಗೊಬ್ಬರಕ್ಕೆ ಹೋದರಾ, ಅರ್ಧ ದಿನವಾ ಪೂರ್ತಿ ದಿನವಾ, ಹಣ್ಣು ಕುಯ್ಯುವ ಕಾಲದಲ್ಲಿ ಯಾರು ಎಷ್ಟು ಕೆಜಿ ತಂದರು, ಎಲ್ಲವೂ ಅದರಲ್ಲಿ ಇರಬೇಕು. ವಾರದ ಬಟವಾಡೆ ಆಗುವುದು ಅದನ್ನು ನೋಡಿಯೇ. ಈ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಡಿ ಅಂತ ತೋಟದವರು ಕೇಳಿದರು. ನಾನು ಒಪ್ಪಿಕೊಂಡೆ. ಆ ಕೆಲಸದಲ್ಲಿ ನನಗೆ ಒದಗಿದ ಜೀನಿ ಎಂಬ ಎಡಿಟರ್ (ಪ್ರೋಗ್ರಾಂ ಬರೆಯುವ, ತಿದ್ದುವ ತಂತ್ರಾಂಶ) ಬಗ್ಗೆ ಈ ಬರಹ.

ಆಫೀಸಿನಲ್ಲಿ ವಿಂಡೋಸ್, ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಮಾಲೀಕರ ಮಗಳು ಸಕಲೇಶಪುರದಲ್ಲಿ ಇರುತ್ತಾರೆ, ಅವರ ಹತ್ತಿರ ಮ್ಯಾಕ್. ವಾರದ ಲೆಕ್ಕ ಅವರಿಗೂ ಕಾಣಬೇಕು. ಅಂದರೆ ಬರೆದದ್ದು ಮೂರು ಕಡೆಯೂ ಓಡಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ಎಲ್ಲಾ ಕಡೆ ತಾನಾಗಿ ಓಡುತ್ತದೆ ಅಂತ ನಾನು ನಂಬಿದ್ದೆ. ಭಾಷೆ ಓಡುತ್ತದೆ, ನಿಜ. ಆದರೆ ನಾವು ಬರೆಯುವ ಫೈಲ್‌ಗಳ ಒಳಗೆ ಕಣ್ಣಿಗೆ ಕಾಣದ ಸಂಗತಿಗಳು ಎಷ್ಟೋ ಇರುತ್ತವೆ. ಕಷ್ಟ ಬಂದದ್ದೆಲ್ಲಾ ಅಲ್ಲಿಂದಲೇ.

ಮೊದಲ ಪೆಟ್ಟು ಎರಡನೇ ವಾರದಲ್ಲೇ ಬಿತ್ತು. ಆಗ ನಾನು ಬಳಸುತ್ತಿದ್ದ ಎಡಿಟರ್ ಒಳ್ಳೆಯದೇ, ಆದರೆ ಅದರ ಹೊಟ್ಟೆಯಲ್ಲಿ ಒಂದು ಪೂರ್ತಿ ಬ್ರೌಸರ್ ಇದೆ. ನನ್ನ 4 ಜಿಬಿ ಲ್ಯಾಪ್‌ಟಾಪಿಗೇ ಅದು ಭಾರ. ಆಫೀಸಿನ ಕಂಪ್ಯೂಟರ್‌ಗೆ ಹಾಕುವ ಮಾತೇ ಇರಲಿಲ್ಲ. ಹಾಗಾಗಿ ಅಲ್ಲಿ ಏನಾದರೂ ತಪ್ಪು ಕಂಡರೆ ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬರಬೇಕು, ತಿದ್ದಬೇಕು, ಪೆನ್‌ಡ್ರೈವ್ ಹಿಡಿದು ಮತ್ತೆ ಹೋಗಬೇಕು. ಒಂದು ದಿನ ಸಣ್ಣ ತಪ್ಪು ಕಂಡಿತು. ಇಲ್ಲೇ ತಿದ್ದಿಬಿಡೋಣ ಅಂತ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಇಡೀ ಪ್ರೋಗ್ರಾಂ ಒಂದೇ ಉದ್ದ ಸಾಲಾಗಿ ಕಂಡಿತು. ವರ್ಡ್‌ಪ್ಯಾಡ್‌ನಲ್ಲಿ ತೆರೆದರೆ ಸರಿಯಾಗಿ ಕಂಡಿತು. ಅದರಲ್ಲೇ ತಿದ್ದಿ ಸೇವ್ ಮಾಡಿದೆ. ಅಲ್ಲಿ ಚೆನ್ನಾಗಿ ಓಡಿತು.

ಮನೆಗೆ ಬಂದು ಲಿನಕ್ಸ್‌ನಲ್ಲಿ ಓಡಿಸಿದರೆ, ಪೈಥಾನ್3 ಅಂತ ಒಂದು ಪ್ರೋಗ್ರಾಂ ಇಲ್ಲವೇ ಇಲ್ಲ ಅನ್ನುತ್ತಿದೆ. ಬೆಳಿಗ್ಗೆ ತಾನೇ ಅದರಲ್ಲೇ ಕೆಲಸ ಮಾಡಿದ್ದೆ. ಸಂದೇಶವನ್ನು ಹತ್ತಿರದಿಂದ ನೋಡಿದೆ. ಪೈಥಾನ್3 ಎಂಬ ಹೆಸರಿನ ಬಾಲಕ್ಕೆ ಒಂದು ಓರೆಗೆರೆ ಮತ್ತು ಆರ್ ಅಕ್ಷರ ಅಂಟಿಕೊಂಡಿತ್ತು. ಅದೇ ಕಳ್ಳ. ಲಿನಕ್ಸ್ ಸಾಲಿನ ಕೊನೆಗೆ ಒಂದೇ ಗುರುತು ಹಾಕುತ್ತದೆ, ಎಲ್‌ಎಫ್. ವಿಂಡೋಸ್ ಎರಡು ಹಾಕುತ್ತದೆ, ಸಿಆರ್ ಮತ್ತು ಎಲ್‌ಎಫ್. ಆ ಓರೆಗೆರೆ-ಆರ್ ಅಂದರೆ ಇದೇ ಸಿಆರ್. ಟೈಪ್‌ರೈಟರ್ ಕಾಲದ ಲೆಕ್ಕ ಅದು: ಗಾಡಿಯನ್ನು ಬಲಕ್ಕೆ ತಳ್ಳಿ ಸಾಲಿನ ಮೊದಲಿಗೆ ಬರುವುದು ಒಂದು, ಕಾಗದವನ್ನು ಒಂದು ಸಾಲು ಮೇಲೆತ್ತುವುದು ಇನ್ನೊಂದು. ವರ್ಡ್‌ಪ್ಯಾಡ್ ನನ್ನನ್ನು ಒಂದು ಮಾತೂ ಕೇಳದೆ ಪ್ರತಿ ಸಾಲಿನ ಕೊನೆಗೂ ಸಿಆರ್ ಸೇರಿಸಿತ್ತು. ಯಾವುದರಿಂದ ಓಡಿಸಬೇಕು ಅಂತ ಫೈಲ್‌ನ ಮೊದಲ ಸಾಲಿನಲ್ಲಿ ಪೈಥಾನ್3ರ ಹೆಸರು ಬರೆದಿತ್ತು, ಆ ಸಾಲಿನ ಸಿಆರ್ ಕೂಡ ಹೆಸರಿನ ಭಾಗವೇ ಅಂತ ಲಿನಕ್ಸ್ ತಿಳಿಯಿತು. ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ನೋಡಿದರೆ ನಾನು ತಿದ್ದಿದ್ದು ಒಂದು ಸಾಲು, ಬದಲಾಗಿದೆ ಅಂತ ಅದು ತೋರಿಸಿದ್ದು ಎಲ್ಲಾ ಸಾಲು.

ಆ ರಾತ್ರಿಯೇ ಹಗುರವಾದ ಎಡಿಟರ್ ಹುಡುಕಿದೆ. ಜೀನಿ ಸಿಕ್ಕಿತು. 2005ರಲ್ಲಿ ಎನ್ರಿಕೋ ಟ್ರೋಗರ್ ಶುರು ಮಾಡಿದ್ದು. ಸಿ ಭಾಷೆಯಲ್ಲಿ, ಕಿಟಕಿ ಬಟನ್‌ಗಳನ್ನು ಮೂಡಿಸುವ ಜಿಟಿಕೆ ಬಳಸಿ ಬರೆದದ್ದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅಕ್ಷರ ಬರೆಯುವ ಜಾಗಕ್ಕೆ ಅದು ಸಿಂಟಿಲಾ ಎಂಬ ಸಿದ್ಧ ಭಾಗವನ್ನು ಬಳಸುತ್ತದೆ. ವಿಂಡೋಸ್‌ನವರಿಗೆ ಗೊತ್ತಿರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಒಳಗೆ ಇರುವುದೂ ಅದೇ. ಆದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬರೀ ವಿಂಡೋಸ್‌ಗೆ. ನನಗೆ ಮೂರೂ ಕಡೆ ಒಂದೇ ಎಡಿಟರ್ ಬೇಕಿತ್ತು. ಆಫೀಸಿನ ಕಂಪ್ಯೂಟರ್‌ಗೆ ಹೊಂದುವ ಒಂದು ಹಳೇ ಆವೃತ್ತಿ ಹಾಕಿದೆ. ಐಕಾನ್ ಒತ್ತಿದ ತಕ್ಷಣ ತೆರೆದುಕೊಂಡಿತು. ಆ ಕಂಪ್ಯೂಟರ್‌ನಲ್ಲಿ ಬೇರೆ ಯಾವುದೂ ಅಷ್ಟು ಬೇಗ ತೆರೆದದ್ದನ್ನು ನಾನು ನೋಡಿಲ್ಲ.

ಜೀನಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕೆಳಗಿನ ಪಟ್ಟಿ. ಸಾಲಿನ ಕೊನೆ ಎಲ್‌ಎಫ್ ಇದೆಯಾ ಸಿಆರ್‌ಎಲ್‌ಎಫ್ ಇದೆಯಾ, ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಕ್ರಮ) ಯಾವುದು, ಅದು ಸದಾ ಅಲ್ಲಿ ಬರೆದಿರುತ್ತದೆ. ವ್ಯೂ ಮೆನುವಿನಲ್ಲಿ ಸಾಲಿನ ಕೊನೆ ತೋರಿಸು ಅಂದರೆ ಪ್ರತಿ ಸಾಲಿನ ತುದಿಯಲ್ಲೂ ಆ ಗುರುತು ಕಣ್ಣಿಗೇ ಕಾಣುತ್ತದೆ. ಡಾಕ್ಯುಮೆಂಟ್ ಮೆನುವಿನಲ್ಲಿ ಒಂದು ಸಲ ಒತ್ತಿದರೆ ಎಲ್ಲವೂ ಎಲ್‌ಎಫ್ ಆಗುತ್ತದೆ. ಈಗ ಮೂರೂ ಕಡೆ ಎಲ್‌ಎಫ್ ಅಂತಲೇ ಇಟ್ಟುಕೊಂಡಿದ್ದೇನೆ. ಗಿಟ್‌ಗೂ ಅದರ ಗುಣಲಕ್ಷಣಗಳ ಫೈಲ್‌ನಲ್ಲಿ ಒಂದು ಸಾಲು ಬರೆದು ಅದನ್ನೇ ಹೇಳಿದ್ದೇನೆ.

ಓಡಿಸುವುದಕ್ಕೆ ಎಫ್5. ಲಿನಕ್ಸ್‌ನಲ್ಲಿ ಪೈಥಾನ್3 ಅನ್ನಬೇಕು, ವಿಂಡೋಸ್‌ನಲ್ಲಿ ಪಿವೈ ಅಂದರೆ ಸಾಕು. ಜೀನಿಯ ಬಿಲ್ಡ್ ಮೆನುವಿನಲ್ಲಿ ಆಯಾ ಕಂಪ್ಯೂಟರ್‌ಗೆ ಬೇಕಾದ ಆಜ್ಞೆಯನ್ನು ಒಂದು ಸಲ ಬರೆದಿಟ್ಟೆ. ಆಮೇಲೆ ಬೆರಳಿಗೆ ಎಲ್ಲಾ ಕಡೆ ಒಂದೇ ಅಭ್ಯಾಸ.

ಕನ್ನಡ ಬಂದಾಗ ಕೆಲಸ ನಿಜವಾಗಿ ಶುರುವಾಯಿತು. ಆಳುಗಳ ಹೆಸರು ಕನ್ನಡದಲ್ಲೇ ಇರಬೇಕು ಅಂತ ನಾನೇ ಹಟ ಹಿಡಿದಿದ್ದೆ. ಬಟವಾಡೆ ದಿನ ತಮ್ಮ ಹೆಸರನ್ನು ತಾವೇ ಓದಿ ಸಹಿ ಹಾಕುವುದು ಅವರ ಹಕ್ಕು, ಅಲ್ವಾ? ಪರೀಕ್ಷೆಗೆ ಅಂತ ಮೂರು ಹೆಸರು ಹಾಕಿದ್ದೆ: ಕಮಲ, ಗಿರಿಜ, ರವಿ. ಮನೆಯಲ್ಲಿ ಓಡಿತು. ಆಫೀಸಿನಲ್ಲೂ ಓಡಿ ಮೊತ್ತ ಸರಿಯಾಗಿ ಬಂತು. ಆ ಪರೀಕ್ಷೆಯಲ್ಲಿ ತೆರೆಗೆ ಬರುತ್ತಿದ್ದದ್ದು ಬರೀ ಮೊತ್ತ, ಹೆಸರು ಅಲ್ಲ. ನಿಜವಾದ ಪಟ್ಟಿ ಹಾಕಿದ ಕೂಡಲೇ ಆಫೀಸಿನಲ್ಲಿ ಪ್ರೋಗ್ರಾಂ ನಿಂತುಹೋಯಿತು. 8ಡಿ ಎಂಬ ಬೈಟನ್ನು ಓದಲು ಆಗುವುದಿಲ್ಲ ಅಂತ ಸಂದೇಶ.

ಎರಡು ಸಂಜೆ ಇದರ ಹಿಂದೆ ಬಿದ್ದೆ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಕ ಅಂದರೆ ಇ0, ಬಿ2, 95. ಆ ವಿಂಡೋಸ್‌ನಲ್ಲಿ ಪೈಥಾನ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಅದು ಯುಟಿಎಫ್-8 ಅಂದುಕೊಳ್ಳುವುದಿಲ್ಲ. 1252 ಎಂಬ ಹಳೇ ಪಶ್ಚಿಮ ಯುರೋಪಿನ ಪಟ್ಟಿ ಹಿಡಿದು ಓದುತ್ತದೆ. ಆ ಪಟ್ಟಿಯಲ್ಲಿ 95ಕ್ಕೆ ಒಂದು ಚಿಹ್ನೆ ಇದೆ. ಹಾಗಾಗಿ ಕಮಲ ಎಂಬ ಹೆಸರು ಕೆಟ್ಟರೂ ತಡೆಯಿಲ್ಲದೆ ಒಳಗೆ ಹೋಗುತ್ತದೆ. ತೆರೆಗೆ ತಂದರೆ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಹೀಗೆ ಸಾಲಾಗಿ ಕಾಣುತ್ತದೆ. ಆದರೆ ಹಲಂತದ (ಅಕ್ಷರದಿಂದ ಸ್ವರ ತೆಗೆಯುವ ಗುರುತು) ಮೂರು ಬೈಟ್ ಇ0, ಬಿ3, 8ಡಿ. 1252ರ ಪಟ್ಟಿಯಲ್ಲಿ 8ಡಿ ಜಾಗ ಖಾಲಿ. ಒತ್ತಕ್ಷರದ ಒಳಗೆಲ್ಲಾ ಹಲಂತ ಇರುತ್ತದಲ್ಲ! ನನ್ನ ಮೂರು ಹೆಸರಿನಲ್ಲಿ ಒಂದೂ ಒತ್ತಕ್ಷರ ಇರಲಿಲ್ಲ. ತೋಟದ ಪಟ್ಟಿಯಲ್ಲಿ ಮಂಜಮ್ಮ, ಲಕ್ಷ್ಮಿ, ಸಿದ್ದಯ್ಯ ಇದ್ದರು.

ಪರಿಹಾರ ಸುಲಭ. ಫೈಲ್ ತೆರೆಯುವ ಪ್ರತಿ ಕಡೆಯೂ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕು. ಅಂದಿನಿಂದ ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಮೊದಲ ಹೆಸರೇ ಮಲ್ಲಿಕಾರ್ಜುನ. ಒತ್ತು, ಅರ್ಕಾವತ್ತು ಎರಡೂ ಅದರಲ್ಲಿ ಇವೆ. ಕನ್ನಡಕ್ಕೆ ಪ್ರೋಗ್ರಾಂ ಬರೆಯುವವರು ಯಾರೇ ಆಗಲಿ, ಒತ್ತಕ್ಷರ ಇಲ್ಲದ ಹೆಸರಿನಲ್ಲಿ ಪರೀಕ್ಷೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಅದಾದ ಮೇಲೆ ಇನ್ನೊಂದು. ರೈಟರು ಹೆಸರಿನ ಪಟ್ಟಿಯನ್ನು ನೋಟ್‌ಪ್ಯಾಡ್‌ನಲ್ಲಿ ತಿದ್ದಿ ಸೇವ್ ಮಾಡಿದರು. ಆ ಹಳೇ ನೋಟ್‌ಪ್ಯಾಡ್ ಯುಟಿಎಫ್-8 ಅಂದರೆ ಫೈಲ್‌ನ ತಲೆಗೆ ಬಿಓಎಂ ಎಂಬ ಮೂರು ಬೈಟಿನ ಗುರುತು ಸೇರಿಸುತ್ತದೆ. ನನ್ನ ಪ್ರೋಗ್ರಾಂಗೆ ಮೊದಲ ಕಾಲಂನ ಹೆಸರು ಇದ್ದ ಹಾಗೇ ಉಳಿಯಲಿಲ್ಲ, ಅದರ ಮೊದಲಿಗೆ ಕಾಣದ ಒಂದು ಅಕ್ಷರ ಕೂತಿತ್ತು. ಆ ಹೆಸರಿನ ಕಾಲಂ ಇಲ್ಲ ಅಂತ ನಿಂತಿತು. ಜೀನಿಯಲ್ಲಿ ತೆರೆದರೆ ಡಾಕ್ಯುಮೆಂಟ್ ಮೆನುವಿನಲ್ಲಿ ಬಿಓಎಂ ಬರೆ ಎಂಬುದಕ್ಕೆ ಟಿಕ್ ಬಿದ್ದಿತ್ತು. ಅದರಿಂದ ಗೊತ್ತಾಯಿತು. ಬಿಓಎಂ ಕೆಟ್ಟದ್ದೇನೂ ಅಲ್ಲ. ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಪಟ್ಟಿ) ಅನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಸರಿಯಾಗಿ ಕಾಣಬೇಕಾದರೆ ಅದು ಬೇಕು. ಹಾಗಾಗಿ ಓದುವಾಗ ಇದ್ದರೂ ಇಲ್ಲದಿದ್ದರೂ ನಡೆಯುವ ಹಾಗೆ, ಎಕ್ಸೆಲ್‌ಗೆ ಬರೆಯುವಾಗ ಸೇರಿಸುವ ಹಾಗೆ ಮಾಡಿದೆ. ಪೈಥಾನ್‌ನಲ್ಲಿ ಇದಕ್ಕೆ ಯುಟಿಎಫ್-8-ಸಿಗ್ ಅಂತ ಇದೆ.

ತೆರೆಯ ಮೇಲಿನ ಕಿಟಕಿಗಳನ್ನು ಮೊದಲು ಟಿಕೆಇಂಟರ್ ಎಂಬುದರಲ್ಲಿ ಬರೆದಿದ್ದೆ. ಟಿಕೆ ಎಂಬ ಸಾಧನವನ್ನು ಪೈಥಾನ್‌ನಿಂದ ಬಳಸುವ ದಾರಿ ಅದು. ಪೈಥಾನ್ ಜೊತೆಗೇ ಬರುತ್ತದೆ, ಹಗುರ. ಲಿನಕ್ಸ್‌ನಲ್ಲಿ ನೋಡಿದರೆ ಮಲ್ಲಿಕಾರ್ಜುನ ಒಡೆದುಹೋಗಿತ್ತು. ಒತ್ತು ಕೆಳಗೆ ಇಳಿಯದೆ, ಹಲಂತ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಂತಿತ್ತು. ಅಕ್ಷರ ಜೋಡಿಸುವ ಕೆಲಸವನ್ನು ಲಿನಕ್ಸ್‌ನ ಆ ಟಿಕೆ ಮಾಡುತ್ತಿರಲಿಲ್ಲ. ಮನಸ್ಸಿಲ್ಲದಿದ್ದರೂ ಎಲ್ಲಾ ಕಿಟಕಿಗಳನ್ನು ಕ್ಯೂಟಿ ಎಂಬ ಇನ್ನೊಂದು ಸಾಧನಕ್ಕೆ ಬದಲಿಸಿದೆ. ಅದು ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಳಸುತ್ತದೆ, ಕನ್ನಡ ಸರಿಯಾಗಿ ಕೂರುತ್ತದೆ. ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು, ಅದಕ್ಕೆ ಕ್ಯೂಟಿ 5ರಲ್ಲೇ ನಿಂತೆ. ಪೈಥಾನ್ ಕೂಡ ಹಾಗೇ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಸರಣಿ 3.8. ನನ್ನ ಲ್ಯಾಪ್‌ಟಾಪಿನಲ್ಲಿ 3.10 ಇತ್ತು. ಅದರಲ್ಲಿ ಹೊಸದಾಗಿ ಬಂದ ಮ್ಯಾಚ್ ಎಂಬುದನ್ನು ಖುಷಿಯಿಂದ ಬಳಸಿದ್ದೆ, ಆಫೀಸಿನಲ್ಲಿ ಮೊದಲ ಕ್ಷಣಕ್ಕೇ ನಿಂತಿತು. ಎಲ್ಲರಿಗಿಂತ ಹಳೇ ಕಂಪ್ಯೂಟರ್ ಯಾವುದೋ ಅದಕ್ಕೆ ತಕ್ಕ ಹಾಗೆ ಬರೆಯುವುದು ಈಗ ರೂಢಿಯಾಗಿದೆ.

ಫಾಂಟ್ ಕೂಡ ಒಂದೊಂದು ಕಡೆ ಒಂದೊಂದು. ವಿಂಡೋಸ್ 7ರಲ್ಲಿ ತುಂಗಾ, ನನ್ನ ಲಿನಕ್ಸ್‌ನಲ್ಲಿ ನೋಟೋ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್. ಅಗಲ ಬೇರೆ ಬೇರೆ. ಬಟನ್‌ಗೆ ಇಷ್ಟೇ ಅಗಲ ಅಂತ ಕಟ್ಟಿಹಾಕಿದರೆ 'ಬಟವಾಡೆ ಪಟ್ಟಿ' ಎಂಬುದು ಒಂದು ಕಡೆ 'ಬಟವಾಡೆ ಪ' ಆಗಿ ನಿಲ್ಲುತ್ತದೆ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆಸಬೇಡಿ, ಲಿನಕ್ಸ್ ಎರಡನ್ನೂ ಬೇರೆ ಅನ್ನುತ್ತದೆ. ಫೋಲ್ಡರ್ ದಾರಿ ಬರೆಯಲು ಪೈಥಾನ್‌ನ ಪಾಥ್‌ಲಿಬ್ ಬಳಸಿ. ಇವು ಗೊತ್ತಿರುವ ಮಾತುಗಳೇ.

ಮ್ಯಾಕ್‌ಗೆ ಪ್ಯಾಕೇಜ್ ಮಾಡಲು ಒಂದು ಭಾನುವಾರ ಸಕಲೇಶಪುರಕ್ಕೆ ಹೋದೆ. ಪೈಥಾನ್ ಪ್ರೋಗ್ರಾಂ ಅನ್ನು ಪ್ಯಾಕೇಜ್ ಮಾಡುವ ಪೈಇನ್‌ಸ್ಟಾಲರ್ ಯಾವ ಬಗೆಯ ಕಂಪ್ಯೂಟರ್‌ನಲ್ಲಿ ಓಡುತ್ತದೋ ಆ ಬಗೆಗಷ್ಟೇ ಪ್ಯಾಕೇಜ್ ಕಟ್ಟುತ್ತದೆ. ಲಿನಕ್ಸ್‌ನಲ್ಲಿ ಕೂತು ಮ್ಯಾಕ್‌ಗೆ ಕಟ್ಟಲು ಆಗುವುದಿಲ್ಲ. ಅವರ ಮ್ಯಾಕ್‌ಗೂ ಜೀನಿ ಹಾಕಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿಯಿತು.

ಜೀನಿ ಎಲ್ಲಕ್ಕೂ ಸಾಕು ಅಂತ ನಾನು ಹೇಳುವುದಿಲ್ಲ. ಒಂದು ಹೆಸರನ್ನು ಹತ್ತಾರು ಫೈಲ್‌ಗಳಲ್ಲಿ ಒಟ್ಟಿಗೆ ಬದಲಿಸಬೇಕಾದಾಗ, ಸಾಲು ಸಾಲಾಗಿ ನಿಲ್ಲಿಸಿ ತಪ್ಪು ಹುಡುಕಬೇಕಾದಾಗ ದೊಡ್ಡ ಎಡಿಟರ್‌ಗಳೇ ವಾಸಿ. ನನ್ನ ಪ್ರೋಗ್ರಾಂ ಹನ್ನೆರಡು ಫೈಲ್ ಅಷ್ಟೇ. ಎಡಗಡೆ ಪಟ್ಟಿಯಲ್ಲಿ ಫಂಕ್ಷನ್‌ಗಳ ಹೆಸರು ಕಂಡರೆ ನನಗೆ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗುವಾಗ ಬೇಗ ಸೇವ್ ಮಾಡಿ ಮುಚ್ಚಲು ಆಗುವ ಎಡಿಟರ್ ನನಗೆ ಮುಖ್ಯ.

ಅದಕ್ಕಿಂತ ಮುಖ್ಯ, ರೈಟರ ಪಕ್ಕದಲ್ಲೇ ಕೂತು ತಿದ್ದಲು ಆಗುವುದು. ತೋಟದಲ್ಲಿ ಮಳೆ ಅಳೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ. ಒಂದು ಇಂಚಿಗೆ ನೂರು ಸೆಂಟ್. ಹೂಮಳೆಯ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಕಾಲದಲ್ಲಿ ಎಷ್ಟು ಸೆಂಟ್ ಬಿತ್ತು ಅಂತ ತೋಟದಿಂದ ತೋಟಕ್ಕೆ ಫೋನ್ ಹೋಗುತ್ತಲೇ ಇರುತ್ತದೆ. ನಾನು ಪ್ರೋಗ್ರಾಂನಲ್ಲಿ ಮಳೆಗೆ ಒಂದು ಚೌಕ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಒಂದು ದಿನ ಅವರ ಪಕ್ಕ ಕೂತಿದ್ದೆ. ಪುಸ್ತಕದಲ್ಲಿ ಅವರು ಒಂದು ಇಂಚು ಐದು ಸೆಂಟ್ ಅಂತ ಬರೆದಿದ್ದರು. ತೆರೆಯಲ್ಲಿ 1.5 ಅಂತ ಒತ್ತಿದರು. ನಾನು ಸುಮ್ನೆ ನೋಡುತ್ತಾ ಇದ್ದವನು ಬೆಚ್ಚಿದೆ. 1.5 ಅಂದರೆ ಪ್ರೋಗ್ರಾಂಗೆ ಒಂದು ಇಂಚು ಐವತ್ತು ಸೆಂಟ್. ಅವರು ಮಾಡಿದ್ದು ತಪ್ಪಲ್ಲ. ಅವರು ಬಾಯಲ್ಲಿ ಹೇಳುವ ಹಾಗೇ ಒತ್ತಿದ್ದರು. ಚೌಕ ಇಟ್ಟ ನನ್ನದೇ ತಪ್ಪು. ಮನೆಯಲ್ಲಿ ಕೂತು ಎಷ್ಟು ಪರೀಕ್ಷೆ ಮಾಡಿದರೂ ಇದು ನನಗೆ ಸಿಗುತ್ತಿರಲಿಲ್ಲ.

ಅಲ್ಲೇ ಜೀನಿ ತೆರೆದೆ. ಒಂದು ಚೌಕ ತೆಗೆದು ಎರಡು ಇಟ್ಟೆ, ಒಂದು ಇಂಚಿಗೆ, ಒಂದು ಸೆಂಟ್‌ಗೆ. ಸೆಂಟ್ 99 ದಾಟಬಾರದು ಅಂತ ಹಾಕಿದೆ. ಎಫ್5 ಒತ್ತಿದೆ. ರೈಟರು ತಮ್ಮ ಪುಸ್ತಕ ತೆರೆದು ಜನವರಿಯಿಂದ ಒಂದೊಂದೇ ಓದಿದರು, ನಾನು ತಿದ್ದುತ್ತಾ ಹೋದೆ. ಹೊರಗೆ ಕಣದಲ್ಲಿ ಒಣಗಲು ಹಾಕಿದ್ದ ರೊಬಸ್ಟಾ ಕಾಫಿಗೆ ಟಾರ್ಪಾಲ್ ಎಳೆಯುವ ಸದ್ದು ಕೇಳಿತು. ಮೋಡ ಕವಿದಿತ್ತು.

ರಾತ್ರಿ ಮನೆಯಲ್ಲಿ ಅದೇ ಫೈಲ್ ತೆರೆದೆ. ಕೆಳಗಿನ ಪಟ್ಟಿಯಲ್ಲಿ ಎಲ್‌ಎಫ್, ಯುಟಿಎಫ್-8 ಅಂತ ಇತ್ತು. ಎಫ್5 ಒತ್ತಿದೆ, ಎರಡೂ ಚೌಕ ಬಂದವು. ಮಾರನೇ ದಿನ ಬೆಳಿಗ್ಗೆ ರೈಟರು ಫೋನ್ ಮಾಡಿದರು. ಇಂಚಿನ ಚೌಕದಲ್ಲಿ 0, ಸೆಂಟಿನ ಚೌಕದಲ್ಲಿ 40 ಹಾಕಿದ್ದೇನೆ, ಸರಿ ತಾನೇ ಅಂತ ಕೇಳಿದರು.