ನಿಮ್ಮ ಪುಸ್ತಕ ಓದುವಾಗ ನಂಬಿಕೆಯನ್ನು ಹಂಚಿಕೊಳ್ಳಲು

ನಿಮ್ಮ ನಂಬಿಕೆಯ ಬಗ್ಗೆ ನೀವೇ ಬರೆದ ಪುಸ್ತಕವನ್ನು ಜನರ ಮುಂದೆ ಓದುವ ಅವಕಾಶ ಸಿಕ್ಕರೆ ಉಪದೇಶದ ಭಾಗ ಆರಿಸಬೇಡಿ. ನೀವು ಸೋತು ಪ್ರಾರ್ಥಿಸಿದ ಒಂದು ರಾತ್ರಿಯ ಪುಟ ಓದಿ. ಯೇಸುಸ್ವಾಮಿಯೂ ಕಥೆಯನ್ನೇ ಹೇಳಿದರು ಅಲ್ವಾ? ಬೈಬಲಿನ ಲೂಕ 15ರಲ್ಲಿ ತಂದೆ, ಮನೆ ಬಿಟ್ಟು ಹೋಗಿ ಮರಳಿ ಬರುತ್ತಿರುವ ಮಗನನ್ನು ದೂರದಿಂದಲೇ ಕಂಡು ಓಡುತ್ತಾನೆ. ಆ ಓಟವೇ ಎಲ್ಲ ಹೇಳಿಬಿಡುತ್ತದೆ.

ಹತ್ತು ನಿಮಿಷಕ್ಕಿಂತ ಜಾಸ್ತಿ ಓದಬೇಡಿ. ನಾನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ 'ನಿಲ್ಲು' ಅಂತ ಬರೆದುಕೊಳ್ಳುತ್ತೇನೆ. ಅಲ್ಲಿ ತಲೆ ಎತ್ತಿ ಕೇಳುವವರ ಮುಖ ನೋಡುತ್ತೇನೆ. 'ಕೃಪೆ', 'ರಕ್ಷಣೆ' ತರಹದ ಪದ ಬಂದರೆ ಚರ್ಚಿನ ಹೊರಗಿನವರಿಗಾಗಿ ಒಂದು ಸರಳ ಮಾತು ಸೇರಿಸಿ.

ಪ್ರಶ್ನೆ ಬಂದರೆ ಬೈಬಲಿನ 1 ಪೇತ್ರ 3:15 ನೆನಪಿರಲಿ: ನಮ್ಮ ನಿರೀಕ್ಷೆಗೆ ಕಾರಣವನ್ನು ಸಾತ್ವಿಕವಾಗಿ, ಗೌರವದಿಂದ ಹೇಳಬೇಕು. ವಾದ ಬೇಡ. ಎಲ್ಲರೂ ಎದ್ದ ಮೇಲೂ ಯಾರಾದರೂ ಸುಮ್ನೆ ಕೂತಿದ್ದರೆ, ಸಹಿ ಹಾಕುವುದನ್ನು ಬದಿಗಿಟ್ಟು ಅವರ ಪಕ್ಕ ಹೋಗಿ ಕೂತುಕೊಳ್ಳಿ.