ಕೈಯಾರೆ ಕಟ್ಟಿದ ಕ್ಯಾಮೆಲ್‌ಗೆ ಬಣ್ಣ ಬಳಿದು ಗುರುತು ಬರೆದ ಬಗೆ

ಅಂಗಡಿಯಲ್ಲಿ ಸಿಗುವ ಸಿದ್ಧ ಭಾಗಗಳ ಕಿಟ್ ಕೊಳ್ಳದೆ, ನಕ್ಷೆಯೊಂದನ್ನೇ ಮುಂದಿಟ್ಟುಕೊಂಡು, ಪ್ಲಾಸ್ಟಿಕ್ ಹಾಳೆ ಮತ್ತು ತೆಳುವಾದ ಮರದ ಕಡ್ಡಿಗಳಿಂದ ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನವಾದ ಸಾಪ್‌ವಿತ್ ಕ್ಯಾಮೆಲ್‌ನ 1:24 ಅಳತೆಯ ಮಾದರಿಯೊಂದನ್ನು ನಾನು ಕಟ್ಟಿದೆ. ಕಟ್ಟಲು ಹಿಡಿದ ದಿನಗಳಿಗಿಂತ ಬಣ್ಣ ಬಳಿದು ಗುರುತುಗಳನ್ನು ಬರೆಯಲು ಹಿಡಿದ ದಿನಗಳೇ ಹೆಚ್ಚಾದವು. ನಿಜವಾದ ಕ್ಯಾಮೆಲ್‌ನ ರೆಕ್ಕೆಯ ಹರವು 8.53 ಮೀಟರ್, ಮಾದರಿಯಲ್ಲಿ ಅದು 35.5 ಸೆಂಟಿಮೀಟರ್‌ಗೆ ಇಳಿಯುತ್ತದೆ. ಇಷ್ಟು ದೊಡ್ಡ ಮಾದರಿಯನ್ನು ನೋಡುವವರು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದೇ ನೋಡುತ್ತಾರೆ, ಆದ್ದರಿಂದ ಬಟ್ಟೆ ಹೊದಿಸಿದ ರೆಕ್ಕೆಯು ಬಟ್ಟೆಯಂತೆಯೇ ಕಾಣಬೇಕು, ಬಣ್ಣವು ಅದರ ಮೇಲೆ ಕುಳಿತ ಸಿಪ್ಪೆಯಂತೆ ಕಾಣಬಾರದು ಎಂಬುದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಆರಂಭಿಸಿದೆ.

ಜೋಡಿ ರೆಕ್ಕೆಯ ವಿಮಾನವನ್ನು ಪೂರ್ತಿ ಜೋಡಿಸಿದ ಮೇಲೆ ಬಣ್ಣ ಬಳಿಯಲು ಹೊರಟರೆ ಆಗುವ ಪಾಡನ್ನು ನಾನು ಇದಕ್ಕೂ ಹಿಂದಿನ ಮಾದರಿಯಲ್ಲಿ ಚೆನ್ನಾಗಿ ಅನುಭವಿಸಿದ್ದೆ. ಮೇಲಿನ ರೆಕ್ಕೆಯ ಅಡಿಭಾಗಕ್ಕೆ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಮೂತಿ ತಲುಪದೆ, ಎರಡು ರೆಕ್ಕೆಗಳ ನಡುವಿನ ಕಂಬಗಳ ಬುಡದಲ್ಲಿ ಬಣ್ಣ ಮಡುಗಟ್ಟಿ, ಕೊನೆಗೆ ಕುಂಚದಿಂದ ತೇಪೆ ಹಾಕಿ ಮುಗಿಸಿದ್ದೆ. ಈ ಬಾರಿ ಕ್ರಮವನ್ನು ಬದಲಿಸಿದೆ. ಒಡಲು, ಮೇಲಿನ ರೆಕ್ಕೆ, ಕೆಳಗಿನ ಎರಡು ಅರೆರೆಕ್ಕೆಗಳು, ಬಾಲದ ಪಟ್ಟಿಗಳು, ದಿಕ್ಕು ತಿರುಗಿಸುವ ಬಾಲದ ಹಲಗೆಯಾದ ರಡ್ಡರ್ ಇವೆಲ್ಲವನ್ನೂ ಬಿಡಿಬಿಡಿಯಾಗಿಯೇ ಇಟ್ಟುಕೊಂಡು, ಕಂಬ ಕೂರುವ ಕುಳಿಗಳನ್ನೂ ತಂತಿ ಹಾಯುವ ತೂತುಗಳನ್ನೂ ಮೊದಲೇ ಕೊರೆದು, ಪ್ರತಿಯೊಂದು ಭಾಗಕ್ಕೂ ಕಾಣದ ಜಾಗದಲ್ಲಿ ಹಿತ್ತಾಳೆಯ ಕಡ್ಡಿಯೊಂದನ್ನು ಹಿಡಿಕೆಯಾಗಿ ಸಿಕ್ಕಿಸಿದೆ. ಅಂಟು ಕಚ್ಚಬೇಕಾದ ಕುಳಿಗಳ ಮೇಲೆ ಬಣ್ಣ ಬೀಳದಂತೆ ಟೇಪಿನ ಚೂರುಗಳನ್ನು ಅಂಟಿಸಿದೆ. ಈ ಚೂರುಗಳನ್ನು ಕತ್ತರಿಸಿ ಕೂರಿಸುವುದು ತಾಳ್ಮೆಗೆಡಿಸುವ ಕೆಲಸ. ಆದರೆ ಬಣ್ಣದ ಪದರದ ಮೇಲೆ ಹಚ್ಚಿದ ಅಂಟು ಬಣ್ಣವನ್ನು ಹಿಡಿಯುತ್ತದೆಯೇ ಹೊರತು ರೆಕ್ಕೆಯನ್ನು ಹಿಡಿಯುವುದಿಲ್ಲ.

ರೆಕ್ಕೆಯ ಪಕ್ಕೆಲುಬುಗಳ ಮೇಲೆ, ಹೊಲಿಗೆ ಮುಚ್ಚಲೆಂದು, ಬಟ್ಟೆಯ ಪಟ್ಟಿಗಳನ್ನು ಅಂಟಿಸುತ್ತಿದ್ದರಷ್ಟೆ. ಈ ಅಳತೆಯಲ್ಲಿ ಆ ಪಟ್ಟಿಯ ದಪ್ಪ ಬರಿಗಣ್ಣಿಗೆ ಸಿಗದಷ್ಟು ತೆಳುವಾಗಿರುತ್ತದೆ. ಕಾಗದದ ಪಟ್ಟಿ ಅಂಟಿಸಿ ನೋಡಿದೆ, ಏಣಿಯ ಮೆಟ್ಟಿಲಿನಂತೆ ಕಂಡಿತು. ಆಗ ಬಣ್ಣದಿಂದಲೇ ಪಟ್ಟಿಯನ್ನು ಮೂಡಿಸುವ ದಾರಿ ಹಿಡಿದೆ. ಪ್ರತಿ ಪಕ್ಕೆಲುಬಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಒಂದೂವರೆ ಮಿಲಿಮೀಟರ್ ಅಗಲದ ಸಂದು ಬಿಟ್ಟು, ಆ ಸಂದಿಗೆ ಬಣ್ಣಕ್ಕೂ ಮೊದಲು ಬಳಿಯುವ ಬೂದು ಪ್ರೈಮರ್ ಅನ್ನು ನಾಲ್ಕೈದು ಬಾರಿ ತೆಳುವಾಗಿ ಸಿಂಪಡಿಸಿದೆ. ಪ್ರೈಮರ್ ಪೂರ್ತಿ ಗಟ್ಟಿಯಾಗುವ ಮುನ್ನ, ಬೆರಳಿಗೆ ಅಂಟದಷ್ಟು ಮಾತ್ರ ಒಣಗಿದಾಗ, ಟೇಪನ್ನು ಮೇಲಕ್ಕೆ ಎಳೆಯದೆ ರೆಕ್ಕೆಗೆ ಒರಗಿಸಿದಂತೆ ಹಿಂದಕ್ಕೆ ಮಡಚಿಕೊಂಡು ಎಳೆದರೆ ಅಂಚು ಹರಿಯುವುದಿಲ್ಲ. ಮಾರನೆಯ ದಿನ ಅತಿ ನಯವಾದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ನೆನೆಸಿ ಒಂದೆರಡು ಬಾರಿ ಸವರಿದಾಗ, ಕಣ್ಣಿಗೆ ಕಂಡೂ ಕಾಣದಂತೆ, ಉಗುರಿಗೆ ಮಾತ್ರ ಸ್ಪಷ್ಟವಾಗಿ ತಗಲುವಂತೆ ಪಟ್ಟಿಗಳು ಉಳಿದವು. ಬಟ್ಟೆಯ ನೇಯ್ಗೆಯನ್ನು ತೋರಿಸುವ ಪ್ರಯತ್ನವನ್ನು ನಾನು ಮಾಡಲಿಲ್ಲ. ಅಗಸೆ ನಾರಿನ ಲಿನನ್‌ನ ಎಳೆ ಇಪ್ಪತ್ತನಾಲ್ಕು ಪಾಲು ಕುಗ್ಗಿದ ಮೇಲೆ ಕಾಣಿಸುವುದೇ ಇಲ್ಲ. ಅದನ್ನು ಬಲವಂತವಾಗಿ ಕಾಣಿಸಿದ ಮಾದರಿಗಳು ನನ್ನ ಕಣ್ಣಿಗೆ ಗೋಣಿತಾಟು ಹೊದಿಸಿದಂತೆ ತೋರುತ್ತವೆ.

ಇನ್ನು ಬಣ್ಣದ ವಿಷಯ. ಬ್ರಿಟಿಷ್ ಯುದ್ಧವಿಮಾನಗಳ ರೆಕ್ಕೆಯ ಮೇಲ್ಮೈಗೂ ಒಡಲಿನ ಬದಿಗಳಿಗೂ 1916ರಿಂದ ಪಿ.ಸಿ. 10 ಎಂಬ ಲೇಪ ರೂಢಿಗೆ ಬಂದಿತ್ತು. ಹಳದಿ ಕಾವಿಮಣ್ಣಿಗೆ ದೀಪದ ಕಾಡಿಗೆಯನ್ನು ಬೆರೆಸಿ ಮಾಡಿದ ಬಣ್ಣ ಅದು. ಶತ್ರುವಿನ ಕಣ್ಣಿನಿಂದ ಮರೆಮಾಡುವುದರ ಜೊತೆಗೆ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಲಿನನ್ ಲಡ್ಡಾಗುವುದನ್ನು ತಡೆಯುವುದೂ ಅದರ ಕೆಲಸವಾಗಿತ್ತು. ತಯಾರಕರಿಂದ ತಯಾರಕರಿಗೆ, ಹೊಸದರಿಂದ ಹಳೆಯದಕ್ಕೆ ಅದರ ಛಾಯೆ ಕಂದಿನಿಂದ ಹಸಿರಿನ ಕಡೆಗೆ ಬದಲಾಗುತ್ತಿದ್ದುದರಿಂದ, ಇದೇ ಸರಿ ಎಂದು ಒಂದು ಡಬ್ಬಿಯತ್ತ ಬೆರಳು ತೋರಿಸುವವರ ಮಾತನ್ನು ನಾನು ಹೆಚ್ಚು ಲಕ್ಷಿಸುವುದಿಲ್ಲ. ಮೂಲದಲ್ಲಿ ಏನಿತ್ತೋ ಅದರಿಂದಲೇ ಹೊರಟೆ: ಅಕ್ರಿಲಿಕ್‌ನ ಹಳದಿ ಕಾವಿಗೆ ಹನಿಹನಿಯಾಗಿ ಕಪ್ಪು ಸೇರಿಸುತ್ತ ಹೋದೆ. ಹಳದಿಗೆ ಕಪ್ಪು ಬೆರೆತಾಗ ಹಸಿರು ತಾನಾಗಿಯೇ ತಲೆಯೆತ್ತುವುದನ್ನು ಬಟ್ಟಲಿನಲ್ಲಿ ಕಂಡ ಮೇಲೆ, ಕಂದೋ ಹಸಿರೋ ಎಂಬ ಹಳೆಯ ವಾದದ ಬೇರು ಎಲ್ಲಿದೆಯೆಂದು ಅರ್ಥವಾಯಿತು. ಹಸಿರನ್ನು ತುಸು ಹಿಂದಕ್ಕೆ ಎಳೆಯಲು ಕೆಂಪುಗಂದು ಬಣ್ಣವನ್ನು ಕುಂಚದ ತುದಿಯಷ್ಟು ಸೇರಿಸಿದೆ. ದೊಡ್ಡ ವಸ್ತುವಿನ ಬಣ್ಣ ದೂರದಿಂದ ಮಾಸಿ ಕಾಣುವುದನ್ನು ನೆನೆದು ಸ್ವಲ್ಪ ಮಾಸಲು ಬಿಳಿಯನ್ನೂ ಬೆರೆಸಿದೆ. ಕಡಿಮೆ ಬಿದ್ದರೆ ಅದೇ ಛಾಯೆ ಮತ್ತೆ ಕೈಗೆ ಬರುವುದಿಲ್ಲವೆಂದು ಬೇಕಾದುದರ ಎರಡರಷ್ಟನ್ನು ಒಂದೇ ಬಾರಿಗೆ ಕಲಸಿ, ಮುಚ್ಚಳ ಬಿಗಿಯಾದ ಸೀಸೆಗೆ ತುಂಬಿಟ್ಟೆ.

ರೆಕ್ಕೆಗಳ ಅಡಿಭಾಗಕ್ಕೆ ಈ ಬಣ್ಣವಿರಲಿಲ್ಲ. ಅಲ್ಲಿ ಬಣ್ಣ ಸೇರಿಸದ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಲೇಪ) ಮತ್ತು ವಾರ್ನಿಷ್ ಹಚ್ಚಿದ ಬಟ್ಟೆ ತನ್ನ ಕೆನೆಬಣ್ಣದಲ್ಲೇ ಇರುತ್ತಿತ್ತು. ಅರೆಪಾರದರ್ಶಕವಾದ ಆ ಬಟ್ಟೆಯ ಮೂಲಕ ಒಳಗಿನ ಪಕ್ಕೆಲುಬು ಮತ್ತು ತೊಲೆಗಳು ಮಬ್ಬು ನೆರಳಿನಂತೆ ತೋರಬೇಕು, ನನ್ನ ರೆಕ್ಕೆಯಾದರೋ ಗಟ್ಟಿ ಪ್ಲಾಸ್ಟಿಕ್. ಮೊದಲು ಅಡಿಭಾಗಕ್ಕೆಲ್ಲ ತಿಳಿ ಕಂದು ಬಣ್ಣ ಬಳಿದು, ಪಕ್ಕೆಲುಬು ಮತ್ತು ತೊಲೆಗಳಿರುವ ಜಾಗಗಳನ್ನು ಸಪುರವಾದ ಟೇಪಿನಿಂದ ಮುಚ್ಚಿ, ಉಳಿದ ಮನೆಗಳಿಗೆ ಕೆನೆಬಣ್ಣ ಸಿಂಪಡಿಸಿದೆ. ಟೇಪ್ ತೆಗೆದಾಗ ಕಂದು ಗೆರೆಗಳು ಗೀಟು ಹಾಕಿದಷ್ಟು ಒರಟಾಗಿ ಎದ್ದು ಕಂಡವು. ಗಾಬರಿಯಾಗದೆ, ತುಂಬ ನೀರಾಗಿ ಕಲಸಿದ ಕೆನೆಬಣ್ಣವನ್ನು ಮಂಜಿನಂತೆ ಇಡೀ ಮೇಲ್ಮೈಯ ಮೇಲೆ ಹಾಯಿಸುತ್ತ ಹೋದೆ. ಮೂರನೆಯ ಸಲಕ್ಕೆ ಗೆರೆಗಳು ಬಟ್ಟೆಯ ಒಳಗೆ ಇಳಿದಂತೆ ಕಂಡವು. ಐದನೆಯ ಸಲ ಹಾಯಿಸಿದ್ದರೆ ಮಾಯವೇ ಆಗುತ್ತಿದ್ದವೇನೋ, ನಾಲ್ಕಕ್ಕೆ ನಿಲ್ಲಿಸಿದೆ.

ವಿಮಾನ ಯಾವ ದೇಶದ್ದೆಂದು ತೋರಿಸುವ ವೃತ್ತಾಕಾರದ ಗುರುತುಗಳಾದ ರೌಂಡೆಲ್‌ಗಳನ್ನು, ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರವಾದ ಡೆಕಾಲ್‌ನಲ್ಲಿ ಮುಗಿಸಬಹುದಿತ್ತು. ಆದರೆ ಅಂಗೈಯಗಲದ ಡೆಕಾಲ್ ಪಕ್ಕೆಲುಬಿನ ಏರಿಳಿತಗಳ ಮೇಲೆ ಕೂರುವಾಗ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ, ಮತ್ತು ಗುರುತಿನ ಬಣ್ಣಕ್ಕೂ ಸುತ್ತಲಿನ ಬಣ್ಣಕ್ಕೂ ಒಂದೇ ಬಟ್ಟೆಯ ಮೇಲಿನ ನಂಟು ಕಾಣುವುದಿಲ್ಲ. ಆದ್ದರಿಂದ ಸಿಂಪಡಿಸಿಯೇ ಬರೆದೆ. ಆ ಕಾಲದ ರೌಂಡೆಲ್‌ನಲ್ಲಿ ಕೆಂಪು, ಬಿಳಿ, ನೀಲಿ ವೃತ್ತಗಳ ವ್ಯಾಸಗಳು 1:3:5ರ ಅನುಪಾತದಲ್ಲಿರುತ್ತವೆ. ಮೇಲಿನ ರೆಕ್ಕೆಗೆ ನಾನು 10, 30, 50 ಮಿಲಿಮೀಟರ್‌ಗಳನ್ನು ಇಟ್ಟುಕೊಂಡೆ. ಪಿ.ಸಿ. 10ರ ಮೇಲೆ ನೀಲಿ ಕರಗಿಹೋಗದಂತೆ ಹೊರಗೆ ಸಪುರವಾದ ಬಿಳಿ ಅಂಚು ಕೊಡುತ್ತಿದ್ದುದರಿಂದ ಅದಕ್ಕೆ ಸುತ್ತಲೂ ಒಂದೂವರೆ ಮಿಲಿಮೀಟರ್ ಸೇರಿಸಿ, 53 ಮಿಲಿಮೀಟರ್‌ನ ಇನ್ನೊಂದು ವೃತ್ತವಾಯಿತು. ಕೈವಾರದ ಸೀಸದ ಜಾಗಕ್ಕೆ ಅಲಗು ಕಟ್ಟಿ ಟೇಪಿನ ಹಾಳೆಯಲ್ಲಿ ಈ ವೃತ್ತಗಳನ್ನೆಲ್ಲ ಗಾಜಿನ ಮೇಲಿಟ್ಟು ಕತ್ತರಿಸಿದೆ. ರೆಕ್ಕೆಯ ಮೇಲೆಯೇ ಇಟ್ಟು ಕತ್ತರಿಸಿದರೆ ಕೈವಾರದ ಮೊನೆ ನಡುವೆ ತೂತು ಬಿಡುತ್ತದೆ, ಅಲಗು ಬಟ್ಟೆಯನ್ನೇ ಸೀಳಿದಂತೆ ಗೀರುತ್ತದೆ.

ಕಪ್ಪುಗಂದಿನ ಮೇಲೆ ಬಿಳಿ ಹತ್ತಬೇಕಾದರೆ ಪದರ ದಪ್ಪವಾಗುತ್ತದೆಂದು ಕ್ರಮವನ್ನು ತಲೆಕೆಳಗು ಮಾಡಿದೆ. ಮೊದಲು ರೌಂಡೆಲ್ ಬರುವ ಜಾಗಕ್ಕೆಲ್ಲ ಬಿಳಿ. ಅದರ ಮೇಲೆ 50ರ ರಂಧ್ರವಿರುವ ಟೇಪು, ನಡುವೆ 30ರ ಬಿಲ್ಲೆ, ಉಳಿದ ಬಳೆಗೆ ನೀಲಿ. ಅದನ್ನು ತೆಗೆದ ಮೇಲೆ 10ರ ರಂಧ್ರದಲ್ಲಿ ಕೆಂಪು. ಕೊನೆಗೆ ಎಲ್ಲವನ್ನೂ 53ರ ಬಿಲ್ಲೆಯಿಂದ ಮುಚ್ಚಿ ಸುತ್ತಲೂ ಪಿ.ಸಿ. 10. ಪ್ರತಿ ಬಿಲ್ಲೆಯೂ ಅದೇ ಕೇಂದ್ರಕ್ಕೆ ಕೂರಲೆಂದು ರೆಕ್ಕೆಯ ಮೇಲೆ ವೃತ್ತದಾಚೆಗೂ ಚಾಚುವಂತೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಉದ್ದಗೆರೆಗಳನ್ನು ಎಳೆದು, ಬಿಲ್ಲೆಗಳ ಮೇಲೂ ಅವೇ ಗೆರೆಗಳನ್ನು ಗುರುತಿಸಿದ್ದೆ. ಆದರೂ ಮೊದಲ ರೌಂಡೆಲ್ ಕೆಟ್ಟಿತು. ಪಕ್ಕೆಲುಬಿನ ಪಟ್ಟಿ ಹಾಯುವೆಡೆಯಲ್ಲೆಲ್ಲ ಟೇಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದು, ನೀಲಿ ಬಣ್ಣ ಅದರೊಳಗೆ ನುಗ್ಗಿ, ವೃತ್ತದ ಅಂಚಿನಲ್ಲಿ ಜೇಡದ ಕಾಲುಗಳಂತೆ ಹರಡಿಕೊಂಡಿತು. ಉಜ್ಜಿ ತೆಗೆದು ಮತ್ತೆ ಆರಂಭಿಸಿದಾಗ, ಟೇಪನ್ನು ಹಲ್ಲುಕಡ್ಡಿಯಿಂದ ಪಟ್ಟಿಯ ಬುಡಕ್ಕೆ ಒತ್ತಿದ ನಂತರ, ಅದರ ಅಂಚಿಗೆ ಮೊದಲು ಅಡಿಯಲ್ಲಿರುವ ಬಿಳಿಯನ್ನೇ ತೆಳುವಾಗಿ ಸಿಂಪಡಿಸಿದೆ. ನುಗ್ಗುವುದೇನಿದ್ದರೂ ಬಿಳಿಯೇ ನುಗ್ಗಿ, ಬಿಳಿಯ ಮೇಲೆ ಒಣಗಿ, ಸಂದನ್ನು ಮುಚ್ಚಿತು. ನಂತರ ಬಂದ ನೀಲಿಗೆ ದಾರಿಯೇ ಇರಲಿಲ್ಲ. ಉಳಿದೆಲ್ಲ ಅಂಚುಗಳಿಗೂ ಇದನ್ನೇ ಮಾಡಿದೆ. ಕೆಳಗಿನ ರೆಕ್ಕೆಯ ಅಡಿಭಾಗದ ರೌಂಡೆಲ್‌ಗಳಿಗೆ, ತಿಳಿಬಣ್ಣದ ಮೇಲಿರುವುದರಿಂದ, ಬಿಳಿ ಅಂಚು ಬೇಡ; ಅವು ಬೇಗ ಮುಗಿದವು.

ಇದಕ್ಕಿಂತ ನಾಚಿಕೆಯ ತಪ್ಪು ರಡ್ಡರ್‌ನದು. ನಾನು ಅನುಸರಿಸುತ್ತಿದ್ದ ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ರಡ್ಡರ್‌ನ ಮೂರು ಪಟ್ಟೆಗಳ ಪೈಕಿ ಮುಂದಿನದು ತೆಳು ಬೂದು, ನಡುವಿನದು ಬಿಳಿ, ಹಿಂದಿನದು ಗಾಢ ಕಪ್ಪು. ನೀಲಿಯಲ್ಲವೇ ಹೆಚ್ಚು ಕಪ್ಪಾಗಿ ಕಾಣುವುದು ಎಂದುಕೊಂಡು ಹಿಂದೆ ನೀಲಿ, ಮುಂದೆ ಕೆಂಪು ಬಳಿದುಬಿಟ್ಟೆ. ಒಣಗಲು ಇಟ್ಟು ಅದೇ ಚಿತ್ರವನ್ನು ಮತ್ತೆ ನೋಡುವಾಗ ಒಡಲಿನ ರೌಂಡೆಲ್ ಕಣ್ಣಿಗೆ ಬಿತ್ತು. ಅದರ ನಡುಬೊಟ್ಟು ಕಪ್ಪಗಿತ್ತು, ಹೊರಬಳೆ ತೆಳುವಾಗಿತ್ತು. ಬ್ರಿಟಿಷ್ ರೌಂಡೆಲ್‌ನ ನಡುಬೊಟ್ಟು ಕೆಂಪೇ ಹೊರತು ಬೇರೆಯಲ್ಲ. ಆ ಕಾಲದ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪಿಗೆ ಕುರುಡು, ನೀಲಿಗೆ ಅತಿ ಚುರುಕು. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ತಿಳಿಯಾಗಿಯೂ ಬೀಳುತ್ತದೆ ಎಂಬುದು ನನಗೆ ಓದಿ ಗೊತ್ತಿದ್ದ ಸಂಗತಿಯೇ ಆಗಿದ್ದರೂ ಕೈ ಮುಂದಾಗಿತ್ತು. ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನಗಳಲ್ಲಿ ನೀಲಿ ಪಟ್ಟೆ ಮುಂದೆ, ಕೆಂಪು ಹಿಂದೆ. ಈ ಕ್ರಮ ತಿರುವುಮುರುವಾದದ್ದು 1930ರಲ್ಲಿ. ಆದ್ದರಿಂದ ನಂತರದ ವಿಮಾನಗಳ ಬಣ್ಣದ ಚಿತ್ರಗಳನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ನನ್ನ ತಪ್ಪು ಸರಿಯಾಗಿಯೇ ಕಾಣುತ್ತಿತ್ತು. ಅಂದಿನಿಂದ ಹಳೆಯ ಚಿತ್ರದಲ್ಲಿ ಯಾವುದೇ ಗುರುತಿನ ಬಣ್ಣ ಓದುವ ಮುನ್ನ ಅದೇ ಚಿತ್ರದ ರೌಂಡೆಲ್ ಅನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ರಡ್ಡರನ್ನು ಪ್ಲಾಸ್ಟಿಕ್ ಕಾಣುವವರೆಗೆ ಉಜ್ಜಿ, ಮೊದಲಿನಿಂದ ಬಳಿದೆ.

ಒಡಲಿನ ಮೇಲಿನ ಸಂಖ್ಯೆಯೊಂದೇ ಡೆಕಾಲ್. ಕೆಲವೇ ಮಿಲಿಮೀಟರ್ ಎತ್ತರದ, ಬಿಳಿ ಅಂಚಿನ ಕಪ್ಪು ಅಂಕಿಗಳನ್ನು ಟೇಪಿನಲ್ಲಿ ಕೊರೆಯುವ ಶಕ್ತಿ ನನ್ನ ಕೈಗಿಲ್ಲ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲವಾದ್ದರಿಂದ, ಬಿಳಿ ಹಿನ್ನೆಲೆಯ ಡೆಕಾಲ್ ಹಾಳೆಯ ಮೇಲೆ ಅಂಕಿಗಳ ಸುತ್ತ ಕೂದಲೆಳೆ ಬಿಳಿ ಬಿಟ್ಟು, ಅದರಾಚೆಯ ಜಾಗವನ್ನೆಲ್ಲ ಪಿ.ಸಿ. 10ಕ್ಕೆ ಆದಷ್ಟು ಹತ್ತಿರದ ಬಣ್ಣದಲ್ಲಿ ಮುದ್ರಿಸಿದೆ. ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಕದಡುತ್ತದೆ. ನೀರಿಗೆ ಹಾಕುವ ಮುನ್ನ ಹೊಳಪಿನ ವಾರ್ನಿಷ್ ಅನ್ನು ಮೂರು ಬಾರಿ ಸಿಂಪಡಿಸಿ ಒಂದು ದಿನ ಒಣಗಿಸಿದೆ. ಒಡಲಿಗೂ ಹೊಳಪಿನ ವಾರ್ನಿಷ್ ಹಚ್ಚಿ, ನುಣುಪಾದ ಆ ಮೈಮೇಲೆ ಡೆಕಾಲ್ ಇಳಿಸಿ, ಮೆದುಗೊಳಿಸುವ ದ್ರಾವಣವನ್ನು ಕುಂಚದಿಂದ ಸವರಿದೆ. ದ್ರಾವಣ ತಾಗಿದೊಡನೆ ಡೆಕಾಲ್ ಸುಕ್ಕುಗಟ್ಟುತ್ತದೆ. ಆಗ ಅದನ್ನು ಸರಿಪಡಿಸಲು ಬೆರಳು ಹಾಕಬಾರದು, ಒಣಗುತ್ತ ತಾನೇ ಬಿಗಿಯುತ್ತದೆ. ಮುದ್ರಣದ ಕಂದಿಗೂ ಬಳಿದ ಕಂದಿಗೂ ಉಳಿದ ಸಣ್ಣ ವ್ಯತ್ಯಾಸವನ್ನು, ಅಂಚಿನ ಮೇಲೆ ಸೀಸೆಯ ಬಣ್ಣವನ್ನು ಅತಿ ತೆಳುವಾಗಿ ಹಾಯಿಸಿ ಮುಚ್ಚಿದೆ.

ಮರದ ಕಂಬಗಳಿಗೆ ನಿಜವಾದ ಮರವನ್ನೇ ಬಳಸಿದ್ದರಿಂದ ವಾರ್ನಿಷ್‌ನಲ್ಲೇ ಕೆಲಸ ಮುಗಿಯಿತು. ಎಂಜಿನ್‌ನ ಸುತ್ತಲಿನ ಲೋಹದ ಹೊದಿಕೆಗೆ ಕಪ್ಪು ಹೊಳಪಿನ ಮೇಲೆ ಅಲ್ಯೂಮಿನಿಯಂ ಬಣ್ಣ.

ಎಣ್ಣೆಯ ಕಲೆಗಳಿಗೆ ಮಾತ್ರ ಒಂದು ಸಂಜೆ ಪೂರ್ತಿ ಕೊಟ್ಟೆ. ಕ್ಯಾಮೆಲ್‌ನ ರೋಟರಿ ಎಂಜಿನ್‌ನಲ್ಲಿ ಕೀಲೆಣ್ಣೆಯಾಗಿ ಬಳಸುತ್ತಿದ್ದುದು ಹರಳೆಣ್ಣೆ, ಮತ್ತು ಅದು ಒಳಗೇ ಸುತ್ತುತ್ತಿರದೆ ಹೊಗೆಯೊಂದಿಗೆ ಹೊರಬಿದ್ದು ಒಡಲಿನ ಅಡಿಗೆ ಬಡಿಯುತ್ತಿತ್ತು. ಹರಳೆಣ್ಣೆ ಹತ್ತಿದ ಬಟ್ಟೆ ಕಪ್ಪಾಗುವುದಿಲ್ಲ. ಹಳದಿಗಂದು ಬಣ್ಣಕ್ಕೆ ತಿರುಗಿ ತುಸು ಹೊಳೆಯುತ್ತದೆ. ಕಂದು ತೈಲವರ್ಣವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳುಮಾಡಿ, ಹೊದಿಕೆಯ ಕೆಳ ಅಂಚಿನಿಂದ ಹಿಂದಕ್ಕೆ ಗಾಳಿ ಎಳೆದಂತೆ ಎಳೆದೆ. ಇಡೀ ಮಾದರಿಗೆ ಅರೆಹೊಳಪಿನ ವಾರ್ನಿಷ್ ಬಳಿದ ಮೇಲೆ ಈ ಕಲೆಗಳಿಗಷ್ಟೇ ಮತ್ತೊಮ್ಮೆ ಹೊಳಪಿನ ವಾರ್ನಿಷ್ ತಾಗಿಸಿದ್ದರಿಂದ ಅವು ಇನ್ನೂ ಒದ್ದೆಯಾಗಿರುವಂತೆ ಕಾಣುತ್ತವೆ.

ಆಮೇಲೆ ಜೋಡಣೆ. ರೆಕ್ಕೆ ಕೂರಿಸಿ ತಂತಿಗಳನ್ನು ಎಳೆದು ಅಂಟು ಹಾಕಿದಾಗ ಅಲ್ಲಲ್ಲಿ ತೂತಿನ ಬಾಯಿ ಹೊಳೆಯುತ್ತ ಉಳಿಯಿತು. ಎತ್ತಿಟ್ಟ ಸೀಸೆಯ ಬಣ್ಣದಿಂದ ಮುಚ್ಚಲು ಹೋದರೆ, ಅದೇ ಬಣ್ಣವಾಗಿದ್ದರೂ, ಕುಂಚದಲ್ಲಿ ಹಚ್ಚಿದ್ದು ಸಿಂಪಡಿಸಿದ್ದಕ್ಕಿಂತ ಗಾಢವಾಗಿ ಒಣಗಿತು. ಅರ್ಧದಷ್ಟು ನೀರು ಬೆರೆಸಿ, ಹಲ್ಲುಕಡ್ಡಿಯ ತುದಿಯಿಂದ ಚುಕ್ಕೆಯಿಟ್ಟು, ಒಣಗಿದ ಮೇಲೆ ಇನ್ನೊಂದು ಚುಕ್ಕೆಯಿಟ್ಟು, ಹೀಗೆ ಪ್ರತಿ ತೂತಿಗೂ ಮೂರು ನಾಲ್ಕು ಸುತ್ತು ಹೋದ ಮೇಲೆ ಛಾಯೆ ಹೊಂದಿಕೊಂಡಿತು.